ಬಳೆಯೊಳಗೆ ಬಲೆ: ‘ಇನ್ನು’ ಜನರ ಡ್ರೀಮ್‌ಕ್ಯಾಚರ್ ನೋಡಿ ಕಲಿತದ್ದು, ಮನೆಯಲ್ಲೇ ಹೆಣೆಯುವ ಬಗೆ

ಪೊಟ್ಟಣ ಬಿಚ್ಚಿದಾಗ ಮೊದಲು ಬಂದದ್ದು ಹೊಗೆಯ ವಾಸನೆ. ಮಲೆನಾಡಿನ ಹಳೇ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಕೈ ಹಾಕಿದರೆ ಬರುತ್ತಲ್ಲ, ಹೆಚ್ಚುಕಡಿಮೆ ಅದೇ. ಒಳಗಿದ್ದದ್ದು ಡ್ರೀಮ್‌ಕ್ಯಾಚರ್, ಕೆಟ್ಟ ಕನಸನ್ನು ಹಿಡಿಯಲಿ ಅಂತ ಮಲಗುವ ಕಡೆ ತೂಗುಹಾಕುವ ಬಲೆ. ಅಂಗೈ ಅಗಲದ ಒಂದು ಬಳೆ. ತೊಗಟೆ ಬಿಡಿಸದ ಕೆಂಪು ಕಡ್ಡಿಯದು. ನಡುವೆ ಸಣ್ಣ ಬಲೆ. ಕೆಳಗೆ ಒಂದು ತೊಗಲಿನ ಎಳೆ, ಅದರ ತುದಿಗೆ ಒಂದೇ ಒಂದು ಪುಕ್ಕ. ತೊಗಲನ್ನು ಹೊಗೆ ಹಾಕಿ ಹದ ಮಾಡಿದ್ದರು. ವಾಸನೆ ಅದರದ್ದೇ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಸೇಂಟ್ ಲಾರೆನ್ಸ್ ನದಿಯ ಉತ್ತರ ದಂಡೆಗೆ ಸೆಟ್-ಈಲ್ ಅಂತ ಒಂದು ಊರಿದೆ. ಅಲ್ಲಿ ಬೇಸಿಗೆಯಲ್ಲಿ ಹಾಕಿದ್ದ ಒಂದು ಅಂಗಡಿ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರಿಂದ ಅದನ್ನು ಕೊಂಡಿದ್ದೆ. ಅವರು ಅಲ್ಲಿನ ಮೂಲನಿವಾಸಿಗಳಾದ ‘ಇನ್ನು’ ಜನರವರು. ಅವರ ಮಾತಿನಲ್ಲಿ ಅಜ್ಜಿಗೆ ‘ಕುಕುಮ್’ ಅನ್ನುತ್ತಾರೆ. ನನ್ನ ಕುತೂಹಲ ನೋಡಿ ಆ ಕುಕುಮ್ ಪಕ್ಕದ ಸ್ಟೂಲ್ ತೋರಿಸಿದರು. ಒಂದು ಕಡ್ಡಿ, ಒಂದು ಉಂಡೆ ದಾರ ಕೊಟ್ಟರು. ಈ ಲೇಖನದಲ್ಲಿ ಇರುವುದು ಅವತ್ತು ಮಧ್ಯಾಹ್ನ ಕಲಿತದ್ದು, ಜೊತೆಗೆ ಊರಿಗೆ ಬಂದ ಮೇಲೆ ಇಲ್ಲಿನ ಕಡ್ಡಿ, ಇಲ್ಲಿನ ನೂಲಿನಲ್ಲಿ ಮಾಡಿ ನೋಡಿದ್ದು.

ಮೊದಲು, ಇದು ಯಾರದ್ದು

ಹೆಣೆಯೋಕೆ ಕೂರುವ ಮುಂಚೆ ಇದನ್ನು ತಿಳಿದಿರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

‘ಇನ್ನು’ ಅಂದರೆ ಅವರ ಭಾಷೆಯಲ್ಲಿ ಮನುಷ್ಯ. ಹೊರಗಿನವರು ಅವರನ್ನು ಬಹಳ ಕಾಲ ಮೊಂತಾನ್ಯೆ, ನಾಸ್ಕಪಿ ಅಂತ ಕರೆಯುತ್ತಿದ್ದರು. ಹೆಸರು ಹತ್ತಿರ ಇರುವುದರಿಂದ ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ಜೊತೆ ಕಲಸಿಬಿಡುತ್ತೇವೆ, ಆದರೆ ಇವರು ಬೇರೆ, ಅವರು ಬೇರೆ. ಇನ್ನು ಜನರ ನೆಲದ ಹೆಸರು ನಿತಾಸ್ಸಿನಾನ್. ಇವತ್ತಿನ ಭೂಪಟದಲ್ಲಿ ಪೂರ್ವ ಕ್ವಿಬೆಕ್ ಮತ್ತು ಲ್ಯಾಬ್ರಡಾರ್. ಮಶ್ತೆಯುಯಾಟ್ಶ್, ಪೆಸ್ಸಾಮಿಟ್, ಸೆಟ್-ಈಲ್‌ಗೆ ಅಂಟಿಕೊಂಡಿರುವ ಉಆಶಾಟ್, ಲ್ಯಾಬ್ರಡಾರ್‌ನ ಶೆಶಾಟ್ಶಿಯು, ನಾಟುಆಶಿಶ್, ಇವೆಲ್ಲ ಅವರ ಊರುಗಳು.

ಆದರೆ ಡ್ರೀಮ್‌ಕ್ಯಾಚರ್ ಹುಟ್ಟಿದ್ದು ಇವರಲ್ಲಲ್ಲ. ಅದರ ಬೇರು ಪಶ್ಚಿಮಕ್ಕೆ, ದೊಡ್ಡ ಸರೋವರಗಳ ಸೀಮೆಯ ಒಜಿಬ್ವೆ ಜನರಲ್ಲಿದೆ. ಅವರು ಇದನ್ನು ಜೇಡನ ಹೆಸರಿನಿಂದಲೇ ಕರೆಯುತ್ತಾರೆ. ‘ಬವಾಜಿಗೆ ನಗ್ವಾಗನ್’ ಅಂತ ಇನ್ನೊಂದು ಹೆಸರೂ ಇದೆ, ಅಂದರೆ ಕನಸಿನ ಉರುಳು. ಮೊಲಕ್ಕೆ ಉರುಳು ಹಾಕುತ್ತಾರಲ್ಲ, ಆ ಉರುಳು. ಫ್ರಾನ್ಸಿಸ್ ಡೆನ್ಸ್‌ಮೋರ್ ಎಂಬ ಸಂಶೋಧಕಿ 1929ರಲ್ಲಿ ಪ್ರಕಟವಾದ ತಮ್ಮ ಬರಹದಲ್ಲಿ ಇದನ್ನು ವಿವರಿಸಿದ್ದಾರೆ. ಮಗುವನ್ನು ಕಟ್ಟಿ ಮಲಗಿಸುವ ಹಲಗೆಯ ಮೇಲಿನ ಕಮಾನಿಗೆ ಸುಮಾರು 9 ಸೆಂಟಿಮೀಟರ್ ಅಗಲದ ಮರದ ಬಳೆ ತೂಗುಹಾಕುತ್ತಿದ್ದರು. ಬಳೆಯೊಳಗೆ ಜೇಡರ ಬಲೆಯಂಥ ಹೆಣಿಗೆ. ಹಿಂದಿನ ಕಾಲದಲ್ಲಿ ಅದಕ್ಕೆ ತುರಿಕೆ ಗಿಡದ ನಾರು ಬಳಸುತ್ತಿದ್ದರು, ಕೆಂಪು ಬಣ್ಣ ಹಾಕುತ್ತಿದ್ದರು. ಗಾಳಿಯಲ್ಲಿ ಬರುವ ಕೇಡನ್ನು ಅದು ಹಿಡಿಯುತ್ತದೆ ಅನ್ನುವುದು ನಂಬಿಕೆ. ನಮ್ಮಲ್ಲಿ ತೊಟ್ಟಿಲಿಗೆ ದೃಷ್ಟಿ ತಾಗಬಾರದು ಅಂತ ಏನಾದರೂ ಕಟ್ಟುತ್ತೇವಲ್ಲ, ಆ ಅಕ್ಕರೆಯೇ ಅಲ್ವಾ ಇದು?

1960, 70ರ ದಶಕಗಳಲ್ಲಿ ಉತ್ತರ ಅಮೆರಿಕದ ಮೂಲನಿವಾಸಿ ಜನರು ಒಗ್ಗಟ್ಟಾಗಿ ತಮ್ಮ ಹಕ್ಕು ಕೇಳತೊಡಗಿದಾಗ ಈ ಬಳೆ ಒಜಿಬ್ವೆಗಳಾಚೆಗೂ ಹರಡಿತು. ಇನ್ನು ಜನರ ಕುಶಲಕರ್ಮಿಗಳ ಕೈಗೂ ಬಂತು. ಅವರಿಗೆ ಅದು ಅಪರಿಚಿತ ಕೆಲಸ ಅಂತೂ ಆಗಿರಲಾರದು. ಹಿಮದ ಮೇಲೆ ನಡೆಯುವ ಅವರ ಹಿಮಪಾದುಕೆ ನೋಡಿದರೆ ಗೊತ್ತಾಗುತ್ತದೆ. ಗಂಡಸರು ಬರ್ಚ್ ಮರ ಬಗ್ಗಿಸಿ ಚೌಕಟ್ಟು ಮಾಡುತ್ತಿದ್ದರು, ಹೆಂಗಸರು ಹಸಿ ತೊಗಲನ್ನು ದಾರದ ಹಾಗೆ ಸಣ್ಣಗೆ ಸೀಳಿ ಅದರೊಳಗೆ ಬಲೆ ತುಂಬುತ್ತಿದ್ದರು. ಕನಸೂ ಅವರಿಗೆ ಹಗುರದ ವಿಷಯವಾಗಿರಲಿಲ್ಲ. ಕ್ಯಾರಿಬೂ ಜಿಂಕೆ ಎಲ್ಲಿದೆ ಎಂದು ಬೇಟೆಗಾರನಿಗೆ ಕನಸಿನಲ್ಲಿ ಕಾಣುತ್ತಿತ್ತು. ಕ್ಯಾರಿಬೂವಿನ ಹೆಗಲ ಮೂಳೆಯನ್ನು ಕೆಂಡಕ್ಕೆ ಹಿಡಿದು, ಬಿದ್ದ ಬಿರುಕು ನೋಡಿ ದಾರಿ ತಿಳಿಯುತ್ತಿದ್ದರು.

ಕೊಳ್ಳುವುದಾದರೆ

ಆ ಕಡೆ ಹೋಗುವವರು, ಅಲ್ಲೇ ಇರುವ ಕನ್ನಡದವರು ಇನ್ನು ಜನರಿಂದಲೇ ಕೊಳ್ಳಿ ಅನ್ನುತ್ತೇನೆ. ಕೇಳಬೇಕಾದ್ದು ಮೂರು ಮಾತು: ಮಾಡಿದವರು ಯಾರು, ಯಾವ ಊರಿನವರು, ಏನೇನು ಬಳಸಿದ್ದಾರೆ. ಸ್ವತಃ ಮಾಡಿದವರು ಖುಷಿಯಿಂದ ಹೇಳುತ್ತಾರೆ. ಚೀಟಿಯಲ್ಲಿ ಬರೀ ‘ಇನ್ನು ಶೈಲಿ’ ಅಂತಿದ್ದರೆ ಅದು ಇನ್ನು ಜನ ಮಾಡಿದ್ದು ಅಂತ ಅರ್ಥ ಅಲ್ಲ.

ಬಲೆಯ ದಾರ ಮುಟ್ಟಿ ನೋಡಿ. ಪ್ರಾಣಿಯ ಸ್ನಾಯುರಜ್ಜುವಿನ ನಿಜವಾದ ದಾರ ಒಂದೇ ದಪ್ಪ ಇರುವುದಿಲ್ಲ, ಅಲ್ಲಲ್ಲಿ ಜೋಡಿಸಿದ್ದು ಕಾಣುತ್ತದೆ. ಉದ್ದಕ್ಕೂ ಒಂದೇ ಸಮ, ಮೇಣದ ಜಿಡ್ಡು ಇದ್ದರೆ ಅದು ಕಾರ್ಖಾನೆಯ ಸಿಂಥೆಟಿಕ್ ದಾರ. ಅದನ್ನು ಬಳಸಿದರೆ ತಪ್ಪೇನಿಲ್ಲ, ಎಷ್ಟೋ ಜನ ಮೂಲನಿವಾಸಿ ಕುಶಲಕರ್ಮಿಗಳೂ ಬಳಸುತ್ತಾರೆ. ಆದರೆ ಎಲ್ಲವೂ ನೈಸರ್ಗಿಕ ಅಂತ ಹೇಳಿ ಮಾರುವಾಗ ಹಾಗಿರಬಾರದು.

ಕ್ಯಾರಿಬೂ ತೊಗಲಿನದ್ದು ದುಬಾರಿ ಇದ್ದರೆ ಚೌಕಾಸಿ ಮಾಡಬೇಡಿ. ಇನ್ನು ಜನ ನೆಚ್ಚಿಕೊಂಡಿದ್ದ ಜಾರ್ಜ್ ನದಿಯ ಕ್ಯಾರಿಬೂ ಹಿಂಡು 1990ರ ದಶಕದ ಶುರುವಿನಲ್ಲಿ 7 ಲಕ್ಷ ದಾಟಿತ್ತು. 2018ರ ಎಣಿಕೆಯಲ್ಲಿ ಉಳಿದಿದ್ದು ಸುಮಾರು 5,500. ಲ್ಯಾಬ್ರಡಾರ್‌ನಲ್ಲಿ 2013ರಲ್ಲೇ ಬೇಟೆ ನಿಲ್ಲಿಸಿದರು. ಒಂದು ತುಂಡು ತೊಗಲಿನ ಹಿಂದೆ ಇಷ್ಟು ದೊಡ್ಡ ನಷ್ಟವಿದೆ.

ಅಲ್ಲಿಂದ ತರುವಾಗ ಕಟ್ಟಿಗೆ, ತೊಗಲು, ಪುಕ್ಕ ಇದೆ ಅಂತ ವಿಮಾನ ನಿಲ್ದಾಣದಲ್ಲಿ ಬಾಯಿಬಿಟ್ಟು ಹೇಳಿ. ರಸೀದಿ ಕೈಯಲ್ಲಿರಲಿ.

ಮನೆಯಲ್ಲಿ ಮಾಡುವುದಾದರೆ

ಕುಕುಮ್ ತಮ್ಮ ಊರಿನ ಹೊಳೆ ದಂಡೆಯ ಕಡ್ಡಿ ಬಳಸಿದ್ದರು. ಹಾಗಿದ್ದ ಮೇಲೆ ನಾವು ಆ ಕಡ್ಡಿಯನ್ನೇ ಆನ್‌ಲೈನ್‌ನಲ್ಲಿ ಯಾಕೆ ತರಿಸಬೇಕು? ನಮ್ಮ ಸುತ್ತ ಸಿಗುವುದರಲ್ಲೇ ಮಾಡೋಣ. ಕರಕುಶಲ ಅಂಗಡಿಯ ಕಬ್ಬಿಣದ ಬಳೆ, ಬಣ್ಣ ಹಾಕಿದ ಪುಕ್ಕ, ಪ್ಲಾಸ್ಟಿಕ್ ಮಣಿ, ಈ ಮೂರನ್ನೂ ಬಿಟ್ಟುಬಿಡಿ.

ಬೇಕಾಗುವುದು ಇಷ್ಟೇ: ಪೆನ್ಸಿಲ್‌ಗಿಂತ ತುಸು ಸಣ್ಣ ದಪ್ಪದ, ಸುಮಾರು 1.1 ಮೀಟರ್ ಉದ್ದದ ಹಸಿ ಕಡ್ಡಿ. 3.5 ಮೀಟರ್ ಗಟ್ಟಿ ಹತ್ತಿ ಹುರಿ. ಒಂದು ಚೂರು ಜೇನುಮೇಣ. ಒಂದು ದಬ್ಬಳ. ಬಟ್ಟೆ ಒಣಹಾಕುವ ನಾಲ್ಕೈದು ಕ್ಲಿಪ್. ಒಂದು ಮರದ ಮಣಿ ಅಥವಾ ಬೀಜ. ಒಂದೆರಡು ಪುಕ್ಕ. ಈ ಅಳತೆಗೆ 15 ಸೆಂಟಿಮೀಟರ್ ಅಗಲದ ಬಳೆ ಆಗುತ್ತದೆ. ಮೊದಲ ಸಲಕ್ಕೆ ಇದಕ್ಕಿಂತ ಚಿಕ್ಕದು ಬೇಡ, ಬೆರಳು ಆಡುವುದಿಲ್ಲ.

ಹೆಜ್ಜೆ 1: ಕಡ್ಡಿ

ಉತ್ತರ ಅಮೆರಿಕದಲ್ಲಿ ವಿಲ್ಲೋ ಅಥವಾ ಕೆಂಪು ತೊಗಟೆಯ ಡಾಗ್‌ವುಡ್ ಕಡ್ಡಿ ಬಳಸುತ್ತಾರೆ. ನಮ್ಮಲ್ಲಿ ಹಿಪ್ಪುನೇರಳೆ ಕಡ್ಡಿ ಚೆನ್ನಾಗಿ ಬಾಗುತ್ತದೆ. ಕೋಲಾರ, ರಾಮನಗರದ ಕಡೆ ರೇಷ್ಮೆ ಸಾಕುವವರ ಮನೆಯಲ್ಲಿ ಹುಳ ಎಲೆ ತಿಂದು ಬಿಟ್ಟ ಕಡ್ಡಿ ರಾಶಿ ಇರುತ್ತದೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಲಕ್ಕಿ ಗಿಡದ ನೀಳ ಬರಲೂ ಆಗುತ್ತದೆ, ಬುಟ್ಟಿ ಹೆಣೆಯುವವರು ಬಳಸುವುದು ಅದನ್ನೇ. ಪೇಟೆಯಲ್ಲಿದ್ದೀರಾ? ಬೆತ್ತದ ಕುರ್ಚಿ ಮಾಡುವವರ ಹತ್ತಿರ ಸಣ್ಣ ಬೆತ್ತ ಸಿಗುತ್ತದೆ.

ಬುಡದಿಂದ ತುದಿಗೆ ದಪ್ಪ ಹೆಚ್ಚು ಬದಲಾಗದ, ಕವಲು ಇಲ್ಲದ ಕಡ್ಡಿ ಆರಿಸಿ. ಕಡಿದ ದಿನವೇ ಬಗ್ಗಿಸಿದರೆ ಒಳ್ಳೆಯದು. ಎರಡು ದಿನ ಆಗಿದ್ದರೆ ಬಿಸಿನೀರಿನಲ್ಲಿ ಒಂದೆರಡು ಗಂಟೆ ಮುಳುಗಿಸಿಡಿ. ಬೆತ್ತವಾದರೆ ರಾತ್ರಿಯಿಡೀ ನೆನೆಸಿ.

ಹೆಜ್ಜೆ 2: ಬಳೆ

ಸೀದಾ ಬಗ್ಗಿಸಬೇಡಿ, ಪಟ್ ಅಂತ ಮುರಿಯುತ್ತದೆ. ಎರಡೂ ಹೆಬ್ಬೆರಳು ಕೆಳಗಿಟ್ಟು, ಬುಡದಿಂದ ತುದಿಯವರೆಗೆ ಇಂಚಿಂಚಾಗಿ ಸ್ವಲ್ಪ ಸ್ವಲ್ಪ ಮಣಿಸುತ್ತ ಹೋಗಿ. ಹೀಗೆ ಮೂರು ನಾಲ್ಕು ಸಲ ಮಾಡಿ. ಕಡ್ಡಿ ಸಡಿಲಾದದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ 15 ಸೆಂಟಿಮೀಟರ್ ಅಗಲದ ಪಾತ್ರೆಯೊಂದರ ಸುತ್ತ ಎರಡು ಸುತ್ತು ತನ್ನಿ. ಎರಡನೇ ಸುತ್ತು ಮೊದಲನೆಯದಕ್ಕೆ ಬಳ್ಳಿಯ ಹಾಗೆ ಹೊಸೆದುಕೊಳ್ಳಲಿ. ತುದಿಗಳನ್ನು ಸಂದಿಗೆ ಸಿಕ್ಕಿಸಿ, ಕ್ಲಿಪ್ ಹಾಕಿ.

ಈಗ ನೆರಳಲ್ಲಿ ಒಣಗಲು ಬಿಡಿ. ಬಿಸಿಲಲ್ಲಿಟ್ಟರೆ ತೊಗಟೆ ಸೀಳುತ್ತದೆ. ಬೇಸಿಗೆಯಲ್ಲಿ ನಾಲ್ಕೈದು ದಿನ, ಮಳೆಗಾಲದಲ್ಲಿ ಹತ್ತು ದಿನಕ್ಕೂ ಜಾಸ್ತಿ ಬೇಕು. ಆತುರ ಪಡಬೇಡಿ. ಹಸಿ ಬಳೆಗೆ ಬಲೆ ಹಾಕಿದರೆ ಕಡ್ಡಿ ಒಣಗಿ ಕುಗ್ಗಿದ ಮೇಲೆ ಬಲೆ ಜೋಲು ಬೀಳುತ್ತದೆ.

ಅಂಗಡಿಯ ಡ್ರೀಮ್‌ಕ್ಯಾಚರ್‌ಗಳಲ್ಲಿ ಬಳೆಗೆ ಸುತ್ತಲೂ ತೊಗಲಿನ ಪಟ್ಟಿ ಸುತ್ತಿರುತ್ತಾರೆ. ಒಳಗಿನ ಕಬ್ಬಿಣ ಮುಚ್ಚಲು ಅದು ಬೇಕು. ನಿಮ್ಮ ಬಳೆ ಕಡ್ಡಿಯದೇ ಆದರೆ ತೊಗಟೆಯನ್ನು ಯಾಕೆ ಮುಚ್ಚುತ್ತೀರಿ? ನಾನಂತೂ ಮುಚ್ಚುವುದಿಲ್ಲ.

ಹೆಜ್ಜೆ 3: ನೂಲು

ಹತ್ತಿ ಹುರಿಯನ್ನು ಜೇನುಮೇಣದ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆಯಿರಿ. ಎರಡು ಸಲ ಎಳೆದರೆ ಸಾಕು, ನೂಲಿನ ಜುಂಗು ಕೂರುತ್ತದೆ, ಗಂಟು ಜಾರುವುದಿಲ್ಲ. ಕತ್ತಾಳೆ ನಾರಿನಲ್ಲೂ ಮಾಡಿದ್ದೇನೆ. ನೋಡಲು ಚಂದ, ಆದರೆ ಒರಟು, ಸಣ್ಣ ಕುಣಿಕೆ ಬಿಗಿಯುವುದಿಲ್ಲ. ಬಾಳೆ ನಾರು ಎಳೆತಕ್ಕೆ ತಡೆಯಲಿಲ್ಲ. ಹಳೆಯ ಪದ್ಧತಿಯ ಹಾಗೆ ಕೆಂಪು ಬೇಕೆಂದರೆ ಮೇಣ ಹಚ್ಚುವ ಮುಂಚೆ ಬಣ್ಣ ಹಾಕಬೇಕು. ಪಟಿಕದ ನೀರಿನಲ್ಲಿ ನೆನೆಸಿದ ನೂಲನ್ನು ಮಂಜಿಷ್ಠದ ಬೇರಿನ ಕಷಾಯದಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟರೆ ಇಟ್ಟಿಗೆ ಕೆಂಪು ಬರುತ್ತದೆ.

ಹೆಜ್ಜೆ 4: ಬಲೆ

ಇದೇ ಮುಖ್ಯ ಕೆಲಸ, ನಿಧಾನ ಓದಿ.

ಬಳೆಯ ಮೇಲೆ ಎಂಟು ಕಡೆ ಪೆನ್ಸಿಲ್‌ನಿಂದ ಗುರುತು ಹಾಕಿ. ಒಂದರಿಂದ ಒಂದಕ್ಕೆ ಹೆಚ್ಚುಕಡಿಮೆ 6 ಸೆಂಟಿಮೀಟರ್. ಎಂಟನೆಯದಕ್ಕೂ ಮೊದಲನೆಯದಕ್ಕೂ ನಡುವಿನ ಜಾಗ ಮಾತ್ರ ಸ್ವಲ್ಪ ಕಮ್ಮಿ ಇರಲಿ. ಎಂಟೇ ಯಾಕೆ ಅಂದರೆ ಜೇಡನಿಗೆ ಎಂಟು ಕಾಲು ಅಂತ ಹೇಳುವವರಿದ್ದಾರೆ. ಬೇರೆ ಲೆಕ್ಕದಲ್ಲೂ ಮಾಡುತ್ತಾರೆ.

ಮೊದಲ ಗುರುತಿಗೆ ನೂಲು ಗಟ್ಟಿಯಾಗಿ ಕಟ್ಟಿ. ಇನ್ನೊಂದು ತುದಿಗೆ ದಬ್ಬಳ ಪೋಣಿಸಿ. ಈಗ ನೂಲನ್ನು ಎರಡನೇ ಗುರುತಿಗೆ ತನ್ನಿ. ಬಳೆಯ ಮುಂದಿನಿಂದ ಮೇಲೆ ಹಾಯಿಸಿ, ಹಿಂದಿನಿಂದ ಬಳೆಯೊಳಗೆ ತನ್ನಿ. ಆಗ ಎರಡು ಗುರುತುಗಳ ನಡುವೆ ನೂಲಿನ ಕಮಾನು ಉಂಟಾಗಿರುತ್ತದೆ. ದಬ್ಬಳವನ್ನು ಆ ಕಮಾನಿನ ಒಳಗಿಂದ ಮೇಲಕ್ಕೆ ತೆಗೆದು ಎಳೆಯಿರಿ. ಕುಣಿಕೆ ಬಿತ್ತು. ಹೀಗೇ ಎಂಟನೇ ಗುರುತಿನವರೆಗೆ.

ಎಷ್ಟು ಬಿಗಿ ಎಳೆಯಬೇಕು? ನಾನು ಮೊದಲ ಸಲ ಎಡವಿದ್ದು ಇಲ್ಲೇ. ವೀಣೆಯ ತಂತಿಯ ಹಾಗೆ ಬಿಗಿದೆ. ನಾಲ್ಕನೇ ಕುಣಿಕೆಗೆ ಬಳೆ ಮೊಟ್ಟೆಯಾಕಾರ ಆಯಿತು. ಕುಕುಮ್ ಮಾತಾಡಲಿಲ್ಲ. ನನ್ನ ಕೈಯಿಂದ ಬಳೆ ತೆಗೆದುಕೊಂಡು, ಪ್ರತಿ ಎಳೆಯ ಕೆಳಗೂ ಹೆಬ್ಬೆರಳಿನ ಉಗುರು ತೂರಿಸಿ ಅಷ್ಟಷ್ಟೇ ಸಡಿಲ ಮಾಡುತ್ತ ಬಂದರು. ಬಳೆ ಮತ್ತೆ ದುಂಡಗಾಯಿತು. ಆಮೇಲೆ ತಮ್ಮ ಬಲೆಯ ಒಂದು ಎಳೆ ಮೀಟಿ ತೋರಿಸಿದರು. ಅದು ಸದ್ದು ಮಾಡಲಿಲ್ಲ, ಸುಮ್ಮನೆ ಅಲುಗಿ ನಿಂತಿತು. ಅಳತೆ ಅದೇ. ಮೊದಲ ಸುತ್ತಿನಲ್ಲಿ ಎಳೆಯ ಕೆಳಗೆ ಉಗುರು ಹೋಗಬೇಕು. ಬಿಗಿ ತಾನಾಗಿಯೇ ಮುಂದಿನ ಸುತ್ತುಗಳಲ್ಲಿ ಬರುತ್ತದೆ.

ಎಂಟನೆಯದು ಆದ ಮೇಲೆ ಮೊದಲ ಗಂಟಿಗೆ ಹೋಗಬೇಡಿ. ಅದನ್ನು ದಾಟಿ, ಮೊದಲ ಮತ್ತು ಎರಡನೇ ಗುರುತಿನ ನಡುವಿನ ಎಳೆ ಇದೆಯಲ್ಲ, ಅದರ ಸರಿ ಮಧ್ಯಕ್ಕೆ ಕುಣಿಕೆ ಹಾಕಿ. ಇನ್ನು ಮೇಲೆ ನೂಲು ಬಳೆಯನ್ನು ಮುಟ್ಟುವುದಿಲ್ಲ. ಪ್ರತಿ ಸಲವೂ ಹಿಂದಿನ ಸುತ್ತಿನ ಎಳೆಯ ಮಧ್ಯಕ್ಕೇ ಕುಣಿಕೆ. ಎಳೆದಾಗ ಹಿಂದಿನ ಎಳೆ ಒಳಕ್ಕೆ ಸ್ವಲ್ಪ ಬಾಗುತ್ತದೆ, ಗಾಳಿಪಟದಂಥ ಓರೆ ಚೌಕದ ಆಕಾರ ಮೂಡುತ್ತದೆ. ಆ ಕ್ಷಣ ನೋಡಲು ತುಂಬಾ ಚಂದ.

ಯಾವ ಸುತ್ತಿನಲ್ಲಿ ಇದ್ದೀರಿ ಅಂತ ಗೊಂದಲ ಆದರೆ ನಿಲ್ಲಿಸಿ ಎಣಿಸಿ. ಪ್ರತಿ ಸುತ್ತಿನಲ್ಲೂ ಎಂಟೇ ಕುಣಿಕೆ ಇರಬೇಕು. ಒಂದು ಎಳೆ ತಪ್ಪಿದರೂ ಬಲೆ ಒಂದು ಕಡೆ ವಾಲುತ್ತದೆ. ಬಿಚ್ಚಲು ಬೇಜಾರಾದರೂ ಆಗಲೇ ಬಿಚ್ಚಿ. ನೂಲು ಗಂಟು ಬಿದ್ದರೆ ಎಳೆದಾಡಬೇಡಿ, ದಬ್ಬಳದ ಮೊನೆಯಿಂದ ಮೆತ್ತಗೆ ಬಿಡಿಸಿ.

ಮೂರನೇ ಅಥವಾ ನಾಲ್ಕನೇ ಸುತ್ತಿನಲ್ಲಿ ಎಲ್ಲಾದರೂ ಒಂದು ಮಣಿ ಪೋಣಿಸಿ. ಅದು ಬಲೆಯ ಮೇಲೆ ಕೂತ ಜೇಡ ಅನ್ನುತ್ತಾರೆ. ಗಾಜು ಬೇಡದಿದ್ದರೆ ಗುಲಗಂಜಿ ನೆನಪಾಗುತ್ತದೆ, ಬೇಡ. ಅದರೊಳಗೆ ಕಡು ವಿಷ ಇದೆ, ಮಕ್ಕಳ ಕೋಣೆಯಲ್ಲಿ ತೂಗುವ ವಸ್ತುವಿಗೆ ಖಂಡಿತ ಬೇಡ. ತುಳಸಿ ಮಣಿ ಸಾಕು.

ಏಳೆಂಟು ಸುತ್ತಿಗೆ ನಡುವಿನ ತೂತು ಒಂದು ರೂಪಾಯಿ ನಾಣ್ಯದಷ್ಟಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಒಳ್ಳೆ ಕನಸು ಆ ತೂತಿನಿಂದ ಇಳಿದು ಮಲಗಿದವರನ್ನು ತಲುಪುತ್ತದೆ, ಕೆಟ್ಟದ್ದು ಬಲೆಗೆ ಸಿಕ್ಕಿ ಬೆಳಗಿನ ಬಿಸಿಲಿಗೆ ಕರಗುತ್ತದೆ ಅನ್ನುವುದು ಈಗ ಎಲ್ಲೆಡೆ ಕೇಳಿಬರುವ ಮಾತು. ಇದಕ್ಕೆ ತಿರುವುಮುರುವಾಗಿ ಹೇಳುವ ಜನಾಂಗಗಳೂ ಇವೆ. ಕೊನೆಯ ಕುಣಿಕೆಯನ್ನು ಎರಡು ಸಲ ಬಿಗಿದು, ನೂಲು ಕತ್ತರಿಸಿ, ತುದಿಗೆ ಚೂರು ಮೇಣ ಒತ್ತಿ.

ಹೆಜ್ಜೆ 5: ಪುಕ್ಕ

ಇಲ್ಲಿ ಕಾನೂನು ಗೊತ್ತಿರಬೇಕು. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆ ಪ್ರಕಾರ ಅಲ್ಲಿನ ಬಹುಪಾಲು ಕಾಡು ಹಕ್ಕಿಗಳ ಉದುರಿದ ಪುಕ್ಕವನ್ನೂ ಎತ್ತಿಟ್ಟುಕೊಳ್ಳುವಂತಿಲ್ಲ. ಹದ್ದಿನ ಪುಕ್ಕಕ್ಕಂತೂ ಬೇರೆಯದೇ ಬಿಗಿ ಕಾನೂನಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ವಿನಾಯಿತಿ ಇದ್ದರೂ ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದ ನೆಂಟರಿಗೆ ಉಡುಗೊರೆ ಕಳಿಸುವವರು ಇದನ್ನು ನೆನಪಿಡಿ.

ಸುಲಭ ದಾರಿ ನಾಟಿ ಕೋಳಿ. ಸಾಕಿದವರ ಅಂಗಳದಲ್ಲಿ ಉದುರಿದ ಪುಕ್ಕ ಆರಿಸಿ ತನ್ನಿ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಮೆಲ್ಲಗೆ ತೊಳೆದು, ನೆರಳಲ್ಲಿ ಒಣಗಿಸಿ, ಬೆರಳಿನಿಂದ ಬುಡದಿಂದ ತುದಿಗೆ ನೇವರಿಸಿ. ಬಿಟ್ಟುಕೊಂಡ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಪುಕ್ಕದ ದಂಟಿಗೆ ನೂಲು ಬಿಗಿದು ಸುತ್ತಿ, ಬಳೆಯ ಕೆಳಗೆ ಇಳಿಬಿಡಿ. ಒಂದೋ ಎರಡೋ ಸಾಕು. ಮೇಲೆ ಒಂದು ಕುಣಿಕೆ ಹಾಕಿದರೆ ತೂಗುಹಾಕಲು ಸಿದ್ಧ.

ಇದನ್ನು ಏನಂತ ಕರೆಯಬೇಕು

ನೀವು ಹೆಣೆದದ್ದು ನಿಮ್ಮದು. ಮಗುವಿನ ಕೋಣೆಗೆ ಹಾಕಿ, ಗೆಳತಿಗೆ ಕೊಡಿ. ಆದರೆ ಅದು ‘ಇನ್ನು ಡ್ರೀಮ್‌ಕ್ಯಾಚರ್’ ಅಲ್ಲ. ಆ ಹೆಸರು ಇನ್ನು ಜನರ ಕೈಯಿಂದ ಬಂದದ್ದಕ್ಕೆ ಮಾತ್ರ. ಮೂಲನಿವಾಸಿಗಳು ಮಾಡಿದ್ದು ಅಂತ ಸುಳ್ಳು ಹೇಳಿ ಮಾರುವುದು ಅಮೆರಿಕದಲ್ಲಿ 1990ರ ಕಾಯ್ದೆ ಪ್ರಕಾರ ಅಪರಾಧ. ಕಾನೂನಿನ ಹೆದರಿಕೆ ಇಲ್ಲದ ಕಡೆಯೂ ನಾವು ಹಾಗೆ ಮಾಡಬಾರದು. ಇಳಕಲ್ ಅಂತ ಹೇಳಿ ಮಿಲ್ಲಿನ ಸೀರೆ ಮಾರಿದರೆ ಅಲ್ಲಿನ ನೇಕಾರರ ಹೊಟ್ಟೆ ಉರಿಯುವುದಿಲ್ಲವೇ? ನಾನು ಕೊಡುವಾಗ ಒಂದು ಚೀಟಿ ಕಟ್ಟುತ್ತೇನೆ: ‘ಮೂಲ ಒಜಿಬ್ವೆ ಜನರದು, ಕಲಿಸಿದ್ದು ಒಬ್ಬ ಇನ್ನು ಅಜ್ಜಿ, ಹಿಪ್ಪುನೇರಳೆ ಕಡ್ಡಿ, ಹತ್ತಿ ನೂಲು.’

ತೂಗುಹಾಕಿದ ಮೇಲೆ

ಹಾಸಿಗೆಯ ತಲೆಯ ಕಡೆ, ಬೆಳಗಿನ ಬೆಳಕು ಬೀಳುವ ಕಿಟಕಿಯ ಹತ್ತಿರ ಹಾಕಿ. ಎಳೆಗೂಸಿನ ಕೈಗೆಟುಕುವಂತೆ ತೊಟ್ಟಿಲಿಗೇ ಕಟ್ಟಬೇಡಿ, ದಾರ ಕುತ್ತಿಗೆಗೆ ಸುತ್ತಿಕೊಂಡೀತು. ಕಾರಿನ ಕನ್ನಡಿಗೆ ಹಾಕಿದರೆ ಬಿಸಿಲಿಗೆ ಮೇಣ ಕರಗುತ್ತದೆ, ದಾರಿಯೂ ಸರಿಯಾಗಿ ಕಾಣುವುದಿಲ್ಲ.

ಧೂಳಿಗೆ ಮೆತ್ತನೆಯ ಬ್ರಷ್ ಸಾಕು. ತೊಗಲು, ಪುಕ್ಕ ಇರುವುದಕ್ಕೆ ನುಸಿ ಹಿಡಿಯುತ್ತದೆ, ತಿಂಗಳಿಗೊಮ್ಮೆ ಹಿಂದೆ ಮುಂದೆ ನೋಡಿ. ಪಕ್ಕದಲ್ಲಿ ಒಣ ಬೇವಿನ ಸೊಪ್ಪು ಇಟ್ಟರೂ ಆಯಿತು. ಮಳೆಗಾಲದಲ್ಲಿ ಗೋಡೆಗೆ ತಾಗಿಸಬೇಡಿ, ಬೂಷ್ಟು ಬರುತ್ತದೆ. ಬಂದರೆ ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಹಾಕಿ, ಒದ್ದೆ ಮಾಡಬೇಡಿ.

ಕುಕುಮ್ ಕೊಟ್ಟ ಬಳೆಯ ಬಲೆ ಮೊದಲ ಜೂನ್‌ನಲ್ಲಿ ಸಡಿಲಾಯಿತು. ಹಾಳಾಯಿತು ಅಂತ ಬಿಚ್ಚಿ ಬಿಗಿಯಲು ದಬ್ಬಳ ಕೈಗೆತ್ತಿಕೊಂಡಿದ್ದೆ, ಮನಸ್ಸಾಗದೆ ಹಾಗೇ ಬಿಟ್ಟೆ. ಡಿಸೆಂಬರ್‌ನ ಒಣ ಗಾಳಿಗೆ ತಾನೇ ಬಿಗಿಯಾಯಿತು. ಪ್ರತಿ ವರ್ಷ ಹೀಗೇ ಆಗುತ್ತದೆ. ಹೊಗೆಯ ವಾಸನೆ ಈಗ ಕಮ್ಮಿಯಾಗಿದೆ, ಮಳೆ ಹಿಡಿದ ದಿನ ಮಾತ್ರ ಮೂಗು ಹತ್ತಿರ ತಂದರೆ ಬರುತ್ತದೆ.